ಸರ್ಜಾನ ಹೆಗಲು, ಸರುಬಾಯಿಯ ಕೈ

ಕುಳ್ಳಿನ ಬೆಂಕಿಯ ಮೇಲೆ ಬೇವಿನ ಹಸಿ ಸೊಪ್ಪು ಹಾಕಿದಾಗ ಏಳುವ ಕಹಿ ಹೊಗೆ ಮೂಗಿಗೆ ಬಿದ್ದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಹುಮನಾಬಾದಿನಲ್ಲಿ ಹೀಗೇ ಆಯಿತು. ಒಂದು ತರಬೇತಿಗೆಂದು ಬೀದರಿಗೆ ಹೊರಟಿದ್ದೆ. ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ಹಿಂದಿನ ಓಣಿಯಲ್ಲಿ ಯಾರೋ ದನಗಳಿಗೆ ಹೊಗೆ ಹಾಕಿದ್ದರು. ನಾನು ಕಾಲು ಅಲುಗಿಸುವುದೇನು, ಕಿಟಕಿಯಿಂದ ಬಗ್ಗುವುದೇನು, ಚೀಲದ ಜಿಪ್ಪು ಎಳೆಯುವುದು ಹಾಕುವುದು ಏನು. ಪಕ್ಕದ ಸೀಟಿನ ಹೆಂಗಸು ಕಡೆಗೆ ತಡೆಯಲಾರದೆ, ಇಳಿಯುವುದಿದ್ದರೆ ಇಳಿದುಬಿಡಿ ಎಂದಳು. ಇಳಿಯಲಿಲ್ಲ. ಇಳಿದಿದ್ದರೆ ನೆಟ್ಟಗೆ ಬಸವಕಲ್ಯಾಣದ ಬಸ್ಸು ಹತ್ತುತ್ತಿದ್ದೆ, ತರಬೇತಿ ಹಾಳಾಗಿ ಹೋಗುತ್ತಿತ್ತು.

ಹುಮನಾಬಾದಿನ ದನದ ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದದ್ದು ಒಂದೂವರೆ ವರ್ಷ. ಅದರಲ್ಲಿ ನನಗೆ ನೆನಪಿರುವುದು ಒಂದೇ ಮಳೆಗಾಲ. ಉಳಿದದ್ದೆಲ್ಲ ಕಾಲುಬಾಯಿ ಬೇನೆಯ ಲಸಿಕೆ, ರಿಪೋರ್ಟು, ಮೀಟಿಂಗು.

ನಾನು ಅಲ್ಲಿಗೆ ಬಂದದ್ದೇ ಸಿಟ್ಟಿನಲ್ಲಿ. ಅದಕ್ಕೆ ಮುಂಚೆ ದೂರದ ಒಂದು ಕಾಲೇಜಿನಲ್ಲಿ ಮೇಲಿನ ಓದು ಓದುತ್ತಿದ್ದೆ. ನನ್ನ ವಿಷಯ ಚರ್ಮದ ಕಸಿ. ಕುರಿಯ ಒಂದು ಗಾಯಕ್ಕೆ ಅದರದೇ ಚರ್ಮ ಹಚ್ಚುವುದು, ಇನ್ನೊಂದು ಗಾಯಕ್ಕೆ ಬೇರೆ ಕುರಿಯ ಚರ್ಮ ಹಚ್ಚುವುದು, ಯಾವುದು ಎಷ್ಟು ದಿನ ನಿಲ್ಲುತ್ತದೆ ಎಂದು ದಿನಾ ನೋಡಿ ಬರೆಯುವುದು. ತನ್ನದೇ ಚರ್ಮ ಸಾಮಾನ್ಯವಾಗಿ ಹತ್ತುತ್ತಿತ್ತು, ಅಂದರೆ ಅಂಟಿ ಬೇರು ಬಿಡುತ್ತಿತ್ತು. ಬೇರೆಯದು ಒಂದು ವಾರ ನಸುಗೆಂಪಾಗಿ ನಕ್ಕಂತೆ ಕಾಣುತ್ತಿತ್ತು, ನಾವು ಖುಷಿಪಡುತ್ತಿದ್ದೆವು, ಆಮೇಲೆ ಕಪ್ಪಿಟ್ಟು ಕಳಚಿ ಬೀಳುತ್ತಿತ್ತು. ಮೈ ತನ್ನದಲ್ಲದ್ದನ್ನು ಹೇಗೋ ಗುರುತು ಹಿಡಿದು ಹೊರಗೆ ಹಾಕುತ್ತದೆ. ಮನುಷ್ಯರ ಮೈಯೂ ಹಾಗೆಯೇ. ಸುಟ್ಟ ಗಾಯದವರಿಗೆ ಬೇರೆಯವರ ಚರ್ಮ ಹಚ್ಚಿದರೂ ಅದು ಕೆಲವು ವಾರದ ಹೊದಿಕೆ ಅಷ್ಟೇ, ಕೊನೆಗೆ ಅವರದೇ ಬೇಕು. ಒಂದು ಕುರಿಯ ಗಾಯ ಕೀವಾಗಿ ಹಚ್ಚಿದ್ದೆಲ್ಲ ಹೋಯಿತು. ನನ್ನ ಕೆಲಸ ನೋಡಿಕೊಳ್ಳುತ್ತಿದ್ದ ಮೇಷ್ಟ್ರು, ಒಂದೇ ತಾನೇ, ಹತ್ತಿದೆ ಎಂದು ಬರೆದುಬಿಡಮ್ಮ ಎಂದರು. ನಾನು ಬರೆಯಲಿಲ್ಲ. ಮಾತಿಗೆ ಮಾತು ಬೆಳೆಯಿತು. ದಿನಾ ಬರೆಯುತ್ತಿದ್ದ ವಹಿಯನ್ನು ಅವರ ಮೇಜಿನ ಮೇಲೆ ಇಟ್ಟು ಹೊರಬಂದೆ. ನೌಕರಿಯ ಆದೇಶ ಬಂದಾಗ ಊರು ಯಾವುದು ಎಂದೂ ಸರಿಯಾಗಿ ನೋಡದೆ ಸೇರಿಕೊಂಡೆ. ಹಾವೇರಿ ಕಡೆಯವಳಾದ ನನಗೆ ಅದು ನಾಡಿನ ಆ ತುದಿ.

ಬಸವಕಲ್ಯಾಣ ತಾಲೂಕಿನ ಮುಡಬಿ ಕಡೆಯ ಡಾಕ್ಟರ ಜಾಗ ಖಾಲಿ ಇತ್ತು. ಅದನ್ನೂ ನನ್ನ ಕೊರಳಿಗೇ ಕಟ್ಟಿದರು. ವಾರಕ್ಕೆ ಎರಡು ದಿನ ಆ ಕಡೆ ಓಡಾಟ, ಬಸ್ಸು, ಬಸ್ಸು ಸಿಗದಿದ್ದರೆ ಹತ್ತು ಜನ ತುಂಬಿದ ಆಟೋ. ಬೇರೆಯವರಾಗಿದ್ದರೆ ಗೊಣಗುತ್ತಿದ್ದರು. ನನಗೆ ಅದೇ ಬೇಕಾಗಿತ್ತು. ಒಂದು ಕಡೆ ಕೂತರೆ ಆ ಮೇಷ್ಟ್ರ ಮುಖ ಕಣ್ಣ ಮುಂದೆ ಬರುತ್ತಿತ್ತು. ನನ್ನ ಜೊತೆಗೆ ಬರುತ್ತಿದ್ದವರು ಆಸ್ಪತ್ರೆಯ ಅಟೆಂಡರ್ ಖಾಜಾಮಿಯಾ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ, ದನದ ಮೂಗುದಾರ ಹಿಡಿದರೆ ಎಂಥ ಹೋರಿಯೂ ನಿಲ್ಲುತ್ತಿತ್ತು. ನಿಮಗೆ ಸರಕಾರ ಕುರ್ಚಿ ಯಾಕೆ ಕೊಟ್ಟಿತೋ, ಅದನ್ನು ನನ್ನ ಮನೆಗಾದರೂ ಒಯ್ಯುತ್ತೇನೆ ಎಂದು ಚುಡಾಯಿಸುತ್ತಿದ್ದರು.

ಆಷಾಢದಲ್ಲಿ ಮುಡಬಿ ಹತ್ತಿರದ ಒಂದು ಊರಿನಿಂದ ಫೋನು ಬಂತು. ಮಾಣಿಕಪ್ಪ ಎಂಬ ರೈತನ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಮಳೆಗಾಲದ ನೊಣದ ಕಾಟಕ್ಕೆ ಬೇವಿನ ಸೊಪ್ಪಿನ ಹೊಗೆ ಹಾಕಿದ್ದರು, ಗಾಳಿ ತಿರುಗಿ ಕಿಡಿ ಜೋಳದ ಒಣ ಕಣಿಕೆಗೆ ಹಾರಿತ್ತು. ಮಾಣಿಕಪ್ಪ ಗೊಬ್ಬರ ತರಲು ಬಸವಕಲ್ಯಾಣಕ್ಕೆ ಹೋಗಿದ್ದ. ಮನೆಯಲ್ಲಿದ್ದವಳು ಅವನ ಹೆಂಡತಿ ಸರುಬಾಯಿ ಒಬ್ಬಳೇ. ಒಳಗೆ ನುಗ್ಗಿ ರಾಜಾ ಎಂಬ ಎತ್ತನ್ನು ಬಿಚ್ಚಿ ಹೊರಗೆ ಅಟ್ಟಿದಳು. ಅದರ ಜೊತೆಯ ಎತ್ತು ಸರ್ಜಾ ಹೆದರಿ ಜಗ್ಗಿ ಜಗ್ಗಿ ಹಗ್ಗದ ಗಂಟು ಕಲ್ಲಾಗಿತ್ತು. ಅವಳು ಗಂಟಿಗೆ ಕೈ ಹಾಕಿದ್ದಾಗ ಉರಿಯುವ ಸೂರಿನ ತುಂಡೊಂದು ಎತ್ತಿನ ಹೆಗಲ ಮೇಲೂ ಅವಳ ಬಲಗೈ ಮೇಲೂ ಬಿತ್ತು. ಗಂಟು ಬಿಚ್ಚುವವರೆಗೆ ಅವಳು ಕೈ ತೆಗೆಯಲಿಲ್ಲವಂತೆ. ಇದನ್ನು ಅವಳು ಹೇಳಲಿಲ್ಲ, ಆಚೆ ಮನೆಯವರು ಹೇಳಿದರು.

ನಾವು ಹೋದಾಗ ಅವಳು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಸರ್ಜಾನ ಮುಖ ಸವರುತ್ತ ನಿಂತಿದ್ದಳು. ನಲವತ್ತರ ಹೆಂಗಸು, ಗಟ್ಟಿ ಮೈಕಟ್ಟು. ನಾನು ಬಟ್ಟೆ ಸರಿಸಿ ನೋಡಿ ಬೈದುಬಿಟ್ಟೆ, ಎತ್ತಿಗೆ ನಾನಿದ್ದೇನೆ, ನೀವು ಮೊದಲು ಕಲ್ಯಾಣದ ಆಸ್ಪತ್ರೆಗೆ ನಡೆಯಿರಿ ಎಂದು. ಎತ್ತಿಗೆ ಸೂಜಿ ಹಾಕಿ ಮುಗಿಯುವವರೆಗೆ ಅವಳು ಅಲುಗಲಿಲ್ಲ. ಆಮೇಲೆ ನಮ್ಮ ಆಟೋದಲ್ಲೇ ಕೂರಿಸಿಕೊಂಡು ಹೋದೆವು.

ತಿಂಗಳು ಕಳೆಯಿತು. ಮಳೆ ಬಿಡಲಿಲ್ಲ. ಸರ್ಜಾನ ಹೆಗಲಿನ ಗಾಯದಲ್ಲಿ ಕೆಂಪು ಮಾಂಸ ತುಂಬಿತು, ಆದರೆ ಮೇಲೆ ಚರ್ಮ ಬರಲೊಲ್ಲದು. ಅಗಲ ಹೆಚ್ಚು. ನೊಗ ಕೂರುವ ಜಾಗವೇ ಅದು. ಸರುಬಾಯಿಯ ಹಿಂಗೈ ಗತಿಯೂ ಅಷ್ಟೇ. ಕಲ್ಯಾಣದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಕೈಗೆ ಹಚ್ಚಬೇಕು, ಅದಕ್ಕೆ ಕಲಬುರ್ಗಿಗೆ ಹೋಗಬೇಕು, ತಡಮಾಡಿದರೆ ಬೆರಳು ಸೆಟೆದು ಕೊಕ್ಕೆಯಾಗಿ ನಿಲ್ಲುತ್ತವೆ. ಅವಳು ಒಲ್ಲೆ ಎಂದಳು. ಮಾಣಿಕಪ್ಪ ಪಾಪದ ಮನುಷ್ಯ, ಹೇಳಿ ಹೇಳಿ ಬಾಯಿ ಬತ್ತಿತು ಎಂದು ನನ್ನ ಮುಂದೆ ಕೈ ಚೆಲ್ಲಿದ. ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು, ಎಡಗೈಯಲ್ಲೇ ಕಸ ಹೊಡೆಯುತ್ತಿದ್ದಳು, ಏನು ನಿಂತಿದೆ ಎಂದು ಕೇಳುತ್ತಿದ್ದಳು.

ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ವಾದಕ್ಕಿಳಿದೆ. ತೊಡೆಯ ಚರ್ಮ ಕೈಗೆ ಹತ್ತುತ್ತದೆ, ನಿಮ್ಮದು ನಿಮಗೆ ಹತ್ತಿಯೇ ಹತ್ತುತ್ತದೆ, ನಾನು ಇದನ್ನೇ ಓದಿದವಳು. ಬೇಕಾದರೆ ನಿಮ್ಮ ಎತ್ತಿಗೂ ಹಾಗೇ ಹಚ್ಚಿ ತೋರಿಸುತ್ತೇನೆ. ಬಾಯಿ ತಪ್ಪಿ ಬಂದ ಜಂಬದ ಮಾತು ಅದು. ಅವಳು ಅಷ್ಟನ್ನೇ ಹಿಡಿದುಕೊಂಡಳು.

“ಹಂಗಾದ್ರ ಮೊದಲ ಸರ್ಜಾಗ ಹಚ್ರಿ, ಡಾಕ್ಟರ್ ಬಾಯಿ. ಅವಂಗ ಹತ್ತಿದ್ರ ನಾನೂ ಹೋಗ್ತೀನಿ. ಅವಂಗ ಹತ್ತಲಿಲ್ಲಂದ್ರ ಕೈ ಹೋದದ್ದು ಸಾಲದಂತ ತೊಡೀನೂ ಯಾಕ ಕೊಯ್ಸಿಕೊಳ್ಳಲಿ?”

ಎತ್ತು ಬೇರೆ ಮನುಷ್ಯ ಬೇರೆ ಎಂದೆ. ಎತ್ತು ಮಳೆಯಲ್ಲಿ ಸಗಣಿಯಲ್ಲಿ ನಿಲ್ಲುತ್ತದೆ, ನಿಮಗೆ ಮಂಚ ಇರುತ್ತದೆ, ನರ್ಸ್ ಇರುತ್ತಾರೆ ಎಂದೆ. ಅವಳು ಚಹಾ ತಂದಿಟ್ಟು ಒಳಗೆ ಹೋದಳು. ದಾರಿಯಲ್ಲಿ ಖಾಜಾಮಿಯಾ, ಹೆಣ್ಣುಮಗಳು ಖರೇ ಮಾತಾಡಿದಳು ಮೇಡಮ್, ಕಂಪನಿಯವರೂ ಔಷಧವನ್ನು ಮೊದಲು ಪ್ರಾಣಿಗೇ ಕೊಟ್ಟು ನೋಡುತ್ತಾರಲ್ಲ ಎಂದರು. ನಾನು ಆಟೋದಲ್ಲೇ ಕಸಿಗೆ ಬೇಕಾದ ಸಾಮಾನಿನ ಪಟ್ಟಿ ಬರೆಯತೊಡಗಿದೆ.

ಶ್ರಾವಣದ ಕೊನೆಯ ಹದಿನೈದು ದಿನ ಶುರುವಾಗುವಾಗ ಸರ್ಜಾನ ಹೆಗಲಿಗೆ ಕೈ ಹಾಕಿದೆ. ಮತ್ತಿನ ಸೂಜಿ ಕೊಟ್ಟು, ಕತ್ತಿನ ಒಂದು ಪಕ್ಕ ಬೋಳಿಸಿ, ಅಲ್ಲಿಂದ ಜೋಳದ ಕಾಳಿನಷ್ಟು ಚಿಕ್ಕ ಚಿಕ್ಕ ಚರ್ಮದ ಚೂರು ತೆಗೆದೆ. ಗಾಯದ ಕೆಂಪು ಮಾಂಸದಲ್ಲಿ ಸಣ್ಣ ಸಣ್ಣ ತೂತು ಮಾಡಿ ಒಂದೊಂದರಲ್ಲಿ ಒಂದೊಂದು ಚೂರು ಕೂರಿಸಿದೆ. ನಲವತ್ತಕ್ಕೂ ಹೆಚ್ಚು ಕೂರಿಸಿದ್ದೆ. ಬೆನ್ನು ಬಿದ್ದುಹೋಯಿತು. ಓಣಿಯ ಜನ ಸುತ್ತ ನಿಂತು, ಡಾಕ್ಟರ್ ಬಾಯಿ ಎತ್ತಿನ ಮೈಯಲ್ಲಿ ಮೆಣಸಿನ ಸಸಿ ಹಚ್ಚುತ್ತಿದ್ದಾರೆ, ಯಾವ ತಿಂಗಳು ಕಾಯಿ ಬಿಡುತ್ತದೆ ನೋಡಬೇಕು ಎಂದು ನಗೆಯಾಡಿದರು. ಸರುಬಾಯಿ ನಗಲಿಲ್ಲ. ಪ್ರತಿ ಚೂರು ಕೂರಿಸುವುದನ್ನೂ ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು.

ಮೇಲೆ ಬಟ್ಟೆ ಇಟ್ಟು ಚರ್ಮಕ್ಕೇ ಹೊಲಿದು ಕಟ್ಟಿದೆ. ಗಂಡ ಹೆಂಡತಿ ಇಬ್ಬರನ್ನೂ ಎದುರು ನಿಲ್ಲಿಸಿ ಪಾಠ ಒಪ್ಪಿಸಿದೆ: ನೀರು ತಾಗಿಸಬಾರದು, ಕಂಬಕ್ಕೆ ತಿಕ್ಕಿಕೊಳ್ಳಲು ಬಿಡಬಾರದು, ಕಾಗೆ ಕೂರಬಾರದು, ಎಣ್ಣೆ ಹಚ್ಚಬಾರದು, ಮೂರು ವಾರ ನೊಗ ಅನ್ನುವ ಮಾತೇ ಇಲ್ಲ. ಮಾಣಿಕಪ್ಪ ಎಲ್ಲಕ್ಕೂ ಹೌದ್ರಿ ಹೌದ್ರಿ ಎಂದ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ವಾರಕ್ಕೆ ಎರಡು ಸಲ ಹೋಗಬೇಕಾದವಳು ನಾಲ್ಕು ಸಲ ಹೋಗುತ್ತಿದ್ದೆ. ಬೇಮಳಖೇಡಕ್ಕೆ ಲಸಿಕೆ ಹಾಕಲು ಹೋದರೂ ಮನಸ್ಸು ಮುಡಬಿಯಲ್ಲಿ. ಒಂದು ದಿನ ಒಂದೇ ಎಮ್ಮೆಗೆ ಎರಡು ಸಲ ಸೂಜಿ ಚುಚ್ಚಲು ಹೋದಾಗ ಖಾಜಾಮಿಯಾ ನನ್ನ ಕೈ ಹಿಡಿದರು. ಕೊಟ್ಟಿಗೆಗೆ ಹೋದರೆ ನನ್ನ ಕಣ್ಣು ಮೊದಲು ಓಡುತ್ತಿದ್ದದ್ದು ಸರುಬಾಯಿಯ ಕೈಗೆ. ಒಂದು ವಾರದ ಹಿಂದೆ ಅರ್ಧ ಮುಷ್ಟಿ ಕಟ್ಟುತ್ತಿದ್ದವಳು ಈಗ ಚೊಂಬಿನ ಕಂಠವನ್ನೂ ಹಿಡಿಯಲಾರಳು. ಬೆರಳ ಬುಡ ಹಿಂದಕ್ಕೆ ಎಳೆದು ತುದಿ ಬಾಗತೊಡಗಿತ್ತು. ಎತ್ತಿಗೆ ಮೂರು ವಾರ ಬೇಕು, ಕೈ ಮೂರು ವಾರ ಕಾಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದೆನೋ. ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ, ಹತ್ತೇದೇನ್ರಿ? ಇನ್ನೂ ತಿಳಿಯಂಗಿಲ್ಲ ಎಂಬುದು ನನ್ನ ಒಂದೇ ಉತ್ತರ.

ಎಂಟನೆಯ ದಿನ ಬಟ್ಟೆಯ ಒಂದು ಮೂಲೆ ಎತ್ತಿ ನೋಡಿದೆ. ಚೂರುಗಳು ಕೂತಲ್ಲೇ ಕೂತಿದ್ದವು, ಸುತ್ತ ನಸುಗೆಂಪು. ಇನ್ನೆರಡು ವಾರ ಸರುಬಾಯಿ, ಎರಡೇ ವಾರ ಎಂದೆ. ಖಾಜಾಮಿಯಾಗೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಭಜಿ ತಿನ್ನಿಸಿದೆ.

ನಮ್ಮ ಹಾವೇರಿ ಕಡೆ ಎತ್ತಿನ ಹಬ್ಬವೆಂದರೆ ಕಾರಹುಣ್ಣಿಮೆ. ಅದು ಮುಗಿದು ಎರಡು ತಿಂಗಳ ಮೇಲಾಗಿತ್ತು. ಗಡಿಯ ಈ ಊರುಗಳಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ ಮಾಡುತ್ತಾರೆ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ಅಮಾವಾಸ್ಯೆಯ ಮರುದಿನ ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಕೋಡಿಗೆ ಬಣ್ಣ ಬಳಿದ, ಹಣೆಗೆ ಗೊಂಡೆ ಕಟ್ಟಿದ ಎತ್ತುಗಳು ಕಂಡವು. ಚಂದ ಕಾಣುತ್ತವೆ ಎಂದು ಫೋಟೋ ಬೇರೆ ತೆಗೆದೆ ನಾನು.

ಸರ್ಜಾನ ಕೋಡಿಗೂ ಬಣ್ಣ ಬಳಿದಿತ್ತು. ಹೆಗಲ ಮೇಲಿನ ಬಟ್ಟೆ ನೀಟಾಗಿಯೇ ಇತ್ತು, ಆದರೆ ಕಟ್ಟಿದ ಗಂಟು ನನ್ನದಲ್ಲ. ಬಿಚ್ಚಿ ನೋಡಿದೆ. ಒಳಗೆಲ್ಲ ಹಳದಿ ಜಿಡ್ಡು, ಅರಿಶಿನ ಮತ್ತು ಬೆಣ್ಣೆ. ಕೆಂಪು ಮಾಂಸ ಬೋಳು ಬೋಳಾಗಿ ಕಾಣುತ್ತಿತ್ತು. ನನ್ನ ನಲವತ್ತು ಚೂರುಗಳಲ್ಲಿ ಒಂದೂ ಇರಲಿಲ್ಲ.

ಖಾಜಾಮಿಯಾ ನಿಧಾನಕ್ಕೆ ಬಿಡಿಸಿ ಹೇಳಿದರು. ಪೋಳಾದ ಹಿಂದಿನ ದಿನ ಎತ್ತುಗಳ ಹೆಗಲಿಗೆ ಬೆಣ್ಣೆ ಅರಿಶಿನ ಹಾಕಿ ತಿಕ್ಕಿ, ನಾಳೆ ಊಟಕ್ಕೆ ಬಾ ಎಂದು ಎತ್ತನ್ನು ಕರೆಯುವುದು ಇಲ್ಲಿಯ ರೂಢಿ. ವರ್ಷವಿಡೀ ನೊಗ ಹೊತ್ತ ಹೆಗಲು ಅದು. ಅವತ್ತು ಅದನ್ನು ತಿಕ್ಕದೆ ಬಿಟ್ಟರೆ ಆ ಎತ್ತನ್ನು ಮನೆಯಿಂದ ಹೊರಗೆ ಹಾಕಿದಂತೆ. ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ ಮೇಡಮ್, ನಿಮ್ಮ ಕಡೆ ಇಲ್ಲವೇ ಎಂದರು. ಕಾಗೆ, ಕಂಬ, ನೀರು, ಎಣ್ಣೆ ಎಲ್ಲ ಹೇಳಿದ್ದೆ. ಬೆಣ್ಣೆ ಹೇಳಿರಲಿಲ್ಲ. ಮಾಣಿಕಪ್ಪನೇ ತಿಕ್ಕಿದ್ದಾನೆ ಎಂದುಕೊಂಡು, ಅವನು ಸಿಕ್ಕಿದರೆ ಅಲ್ಲೇ ಸೀಳುವಷ್ಟು ಸಿಟ್ಟು ಬಂತು. ಅವನು ಹೊಲದಲ್ಲಿದ್ದ. ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು.

ಅಷ್ಟರಲ್ಲಿ ಸರುಬಾಯಿ ಎಡಗೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ಹೊರಗೆ ಬಂದಳು. ಬಲಗೈ ಎದೆಗೆ ಒತ್ತಿಕೊಂಡಿತ್ತು, ಕಿರುಬೆರಳು ಉಂಗುರಬೆರಳು ಕೊಕ್ಕೆಯಾಗಿದ್ದವು. ನಾನು ಗಡಬಡಿಸಿ ಬಟ್ಟೆ ಮುಚ್ಚಿದೆ. ಅವಳು ಎತ್ತನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಹತ್ತೇದೇನ್ರಿ, ಡಾಕ್ಟರ್ ಬಾಯಿ?”

ಇಲ್ಲ ಎಂದರೆ ಅವಳು ಹೋಗುವುದಿಲ್ಲ. ಮತ್ತೆ ಹಚ್ಚುತ್ತೇನೆ, ಮತ್ತೆ ಮೂರು ವಾರ ಕಾಯಿರಿ ಎಂದರೆ ಕೈ ಇರುವುದಿಲ್ಲ. ಕುರಿಯ ವಿಷಯದಲ್ಲಿ ಒಂದು ಅಕ್ಷರ ಸುಳ್ಳು ಬರೆಯಲಾರೆ ಎಂದು ಮೇಷ್ಟ್ರ ಮುಂದೆ ಹಾರಾಡಿ ಓದು ಬಿಟ್ಟು ಬಂದವಳು ನಾನು.

“ಹತ್ತೇದ ಅಕ್ಕಾ,” ಎಂದೆ. “ಚಲೋ ಹತ್ತೇದ. ನೀವು ನಾಳೆನೇ ಹೊರಡ್ರಿ.”

ಖಾಜಾಮಿಯಾ ನನ್ನ ಮುಖ ನೋಡಿ, ಆಮೇಲೆ ಚೀಲ ಕಟ್ಟುವ ನೆವದಲ್ಲಿ ಬೆನ್ನು ತಿರುಗಿಸಿದರು. ಸರುಬಾಯಿ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟಳು. ನನ್ನ ಬೆರಳಿಗೆ ಅರಿಶಿನ ಮೆತ್ತಿತ್ತು, ಅದನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದೆ. ಆಯ್ತ್ರಿ, ಹೋಗ್ತೀನಿ ಎಂದಳು. ಹೋಳಿಗೆ ತಿನ್ನದೆ ಬಿಡಲಿಲ್ಲ.

ಅವಳು ಮರುದಿನವೇ ಮಾಣಿಕಪ್ಪನ ಜೊತೆ ಕಲಬುರ್ಗಿಗೆ ಹೋದಳು. ಅವಳದೇ ಚರ್ಮ, ಹತ್ತುತ್ತದೆ ಎಂದು ಬುದ್ಧಿ ಹೇಳುತ್ತಿತ್ತು. ಕೀವಾದರೆ ಎಂದು ಮನಸ್ಸು ಕೇಳುತ್ತಿತ್ತು. ನನ್ನ ಮಾತು ನಂಬಿ ತೊಡೆ ಕೊಯ್ಯಿಸಿಕೊಂಡವಳಿಗೆ ಕೈಯೂ ಹೋದರೆ ಯಾವ ಮುಖ ಹೊತ್ತು ಆ ಊರಿಗೆ ಹೋಗಲಿ? ದಿನಕ್ಕೆ ಎರಡು ಸಲ ಮಾಣಿಕಪ್ಪನಿಗೆ ಫೋನು ಮಾಡುತ್ತಿದ್ದೆ. ಇನ್ನೂ ಪಟ್ಟಿ ಬಿಚ್ಚಿಲ್ರಿ, ಬಿಚ್ಚಿದ ಮ್ಯಾಲ ನಾನೇ ಮಾಡ್ತೀನ್ರಿ ಎಂದು ಅವನು ಬೇಸತ್ತ ದನಿಯಲ್ಲಿ ಹೇಳುವ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದಿರುತ್ತಿದ್ದೆ. ನಡುವೆ ಹೋಗಿ ಸರ್ಜಾನ ಹೆಗಲು ತೊಳೆದು ಬರುತ್ತಿದ್ದೆ. ಅದು ತಲೆ ತಗ್ಗಿಸಿ ನಿಂತಿರುತ್ತಿತ್ತು. ಅದರ ಮುಂದೆಯೂ ನನಗೆ ಅಪರಾಧಿಯಂತೆ ಅನಿಸುತ್ತಿತ್ತು.

ಕಸಿ ಮಾಡಿದ ಐದನೆಯ ದಿನವೋ ಆರನೆಯ ದಿನವೋ ಅವನೇ ಫೋನು ಮಾಡಿದ. ಪಟ್ಟಿ ಬಿಚ್ಚಿದ್ದರು. ಒಂದು ಅಂಚು ಬಿಟ್ಟು ಎಲ್ಲ ಹತ್ತಿತ್ತು. ಕಿರುಬೆರಳು ಪೂರ್ತಿ ನೆಟ್ಟಗಾಗುವುದು ಕಷ್ಟ, ಉಳಿದ ಬೆರಳು ಕೆಲಸ ಮಾಡುತ್ತವೆ ಎಂದು ಡಾಕ್ಟರು ಹೇಳಿದ್ದರಂತೆ. ಬಂದ ಫೋನನ್ನು ಸರಿಯಾಗಿ ಕಟ್ ಮಾಡದೆ ಅತ್ತುಬಿಟ್ಟೆ. ಆ ಕಡೆ ಮಾಣಿಕಪ್ಪ ಹಲೋ ಹಲೋ ಎನ್ನುತ್ತಲೇ ಇದ್ದ.

ಅವಳು ಮನೆಗೆ ಬಂದ ಮೇಲೆ ನಿಜ ಹೇಳಿಬಿಡಬೇಕೆಂದು ಹೋದೆ. ಖಾಜಾಮಿಯಾ ಬೇಡವೆಂದರು, ಕೆಲಸ ಆಯಿತಲ್ಲ ಇನ್ನೇಕೆ ಎಂದರು. ನನಗೆ ತಡೆಯಲಾಗಲಿಲ್ಲ. ಮಳೆ ನಿಂತು ಬಿಸಿಲು ಬಿದ್ದಿತ್ತು. ಅವಳು ಕಟ್ಟೆಯ ಮೇಲೆ ಕೂತು, ಆಸ್ಪತ್ರೆಯವರು ಹೇಳಿಕೊಟ್ಟಂತೆ ಬಟ್ಟೆಯ ಉಂಡೆಯೊಂದನ್ನು ಬಲಗೈಯಲ್ಲಿ ಹಿಸುಕುತ್ತಿದ್ದಳು. ಹೊಸ ಚರ್ಮ ತೆಳ್ಳಗೆ, ಬೇರೆ ಬಣ್ಣದಲ್ಲಿ ಕಾಣುತ್ತಿತ್ತು. ನಿಂತೇ ಹೇಳಿದೆ, ಅವತ್ತು ಸುಳ್ಳು ಹೇಳಿದೆ ಅಕ್ಕಾ, ಸರ್ಜಾಗೆ ಒಂದು ಚೂರೂ ಹತ್ತಿರಲಿಲ್ಲ ಎಂದು.

ಅವಳು ಹಿಸುಕುವುದನ್ನು ನಿಲ್ಲಿಸಲಿಲ್ಲ. “ನನಗ ಗೊತ್ತಿತ್ರಿ,” ಎಂದಳು. “ಬೆಣ್ಣಿ ಅರಿಶಿನ ತಿಕ್ಕಿದಾಕಿ ನಾನೇ.”

ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಪೋಳಾಕ್ಕೂ ಎತ್ತಿನ ಹೆಗಲು ತಿಕ್ಕುವವಳು ಅವಳೇ ಅಂತೆ. ರಾಜಾನ ಹೆಗಲು ತಿಕ್ಕಿ ಸರ್ಜಾನನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಬಟ್ಟೆ ಬಿಚ್ಚಿ ಎಡಗೈಯಲ್ಲಿ ಮೆಲ್ಲಗೆ ತಿಕ್ಕಿದಳು. ನನ್ನ ಚೂರುಗಳೆಲ್ಲ ಬೆಣ್ಣೆಯ ಜೊತೆ ಅಂಗೈಗೆ ಬಂದವು. ಹೆದರಿ ಹಾಗೇ ಮತ್ತೆ ಕಟ್ಟಿದಳು. ಗಂಡನಿಗೂ ಹೇಳಲಿಲ್ಲ.

ಹಾಗಾದರೆ ಎಲ್ಲ ಗೊತ್ತಿದ್ದೂ ನನ್ನನ್ನು ಯಾಕೆ ಕೇಳಿದಿರಿ ಎಂದೆ. ನನ್ನ ದನಿ ಏರಿತ್ತು. ಅವಳು ಉಂಡೆಯನ್ನು ಮಡಿಲಲ್ಲಿ ಇಟ್ಟಳು.

“ಬೈತೀರಂತ ಮಾಡಿದ್ನಿ. ಬೈಲಿ, ಬೈದ ಮ್ಯಾಲ ನಾನೇ ಹೇಳಬೇಕಂತ ನಿಂತಿದ್ನಿ. ನೀವು ಹತ್ತೇದ ಅಂದ್ರಿ. ಕೈತುಂಬ ಅರಿಶಿನ ಇತ್ತು ನಿಮ್ದು. ಈಕಿ ಮಾಡಿದ್ದೆಲ್ಲ ನಾ ಹಾಳ ಮಾಡೀನಿ, ಅದನ್ನ ಬಿಟ್ಟು ನನ್ನ ಕೈ ಸಲುವಾಗಿ ಸುಳ್ಳ ಹೇಳಾಕತ್ತಾಳಲ್ಲ ಈಕಿ ಅನ್ನಿಸ್ತು. ಆಮ್ಯಾಲ ಎತ್ತಿನ ಸಾಕ್ಷಿ ಏನ ಕೇಳೂದ್ರಿ. ಹ್ವಾದ್ನಿ.”

ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಆ ಊರಿಗೆ ಬಂದ ಮೇಲೆ ಅಷ್ಟು ಹೊತ್ತು ಒಂದು ಕಡೆ ಕೂತದ್ದು ಅವತ್ತೇ ಇರಬೇಕು. ಅವಳೇ ಎದ್ದು ಸರ್ಜಾನ ಹಗ್ಗ ಬಿಚ್ಚಿ ತಂದು ನನ್ನ ಮುಂದೆ ನಿಲ್ಲಿಸಿದಳು. ಇವನಿಗೆ ಮತ್ತೊಮ್ಮೆ ಹಚ್ಚಬೇಕು, ಈಗ ಯಾವ ಹಬ್ಬವೂ ಇಲ್ಲ, ನಾನು ಕಾಯುತ್ತೇನೆ ಎಂದಳು.

ಹಚ್ಚಿದೆ. ಈ ಸಲ ಕತ್ತಿನ ಆ ಪಕ್ಕದಿಂದ ಚೂರು ತೆಗೆದೆ. ಸರುಬಾಯಿ ಹಗಲೆಲ್ಲ ಕೊಟ್ಟಿಗೆಯಲ್ಲೇ ಕೂತು ಕಾಗೆ ಓಡಿಸಿದಳಂತೆ, ಮನುಷ್ಯರನ್ನೂ ಹತ್ತಿರ ಬಿಡಲಿಲ್ಲವಂತೆ. ಮೂರು ವಾರ ಕಳೆದು ಬಟ್ಟೆ ತೆಗೆದಾಗ ಕೆಂಪು ಮಾಂಸದ ನಡುವೆ ಬಿಳುಪಾದ ಸಣ್ಣ ಸಣ್ಣ ಚುಕ್ಕೆಗಳು ಎದ್ದು, ಒಂದರ ಅಂಚು ಇನ್ನೊಂದಕ್ಕೆ ಕೂಡತೊಡಗಿದ್ದವು. ಎರಡು ಕಡೆ ಕೂದಲೂ ಮೂಡಿತ್ತು. ಅಡುಗೆಮನೆಯ ಕಡೆ ತಿರುಗಿ, ಅಕ್ಕಾ, ಹತ್ತೇದ ಎಂದು ಕೂಗಿದೆ.

ಅವಳು ಸೆರಗಿಗೆ ಕೈ ಒರೆಸುತ್ತ ಬಂದಳು. ನಿಮ್ಮ ಮಾತು ಹ್ಯಾಂಗ ನಂಬಲಿ ಎಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. ಜ್ವರ ನೋಡುವವರ ಹಾಗೆ ಬಲಗೈಯ ಹಿಂಬದಿಯನ್ನು, ತನ್ನ ಹೊಸ ಚರ್ಮವನ್ನು, ಸರ್ಜಾನ ಹೊಸ ಚರ್ಮದ ಮೇಲೆ ಇಟ್ಟಳು. ಏನೂ ತಿಳಿಯವಲ್ದು ಎಂದಳು. ಅವಳ ಹಿಂಗೈಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ. ಆಮೇಲೆ ಕೈ ತಿರುಗಿಸಿ, ಬಾಗಿದ ಕಿರುಬೆರಳನ್ನು ಎತ್ತಿ ಹಿಡಿದು, ಅಂಗೈಯನ್ನು ಮೆಲ್ಲಗೆ ಇಟ್ಟಳು. ಸರ್ಜಾ ಚರ್ಮ ನಡುಗಿಸಿತು. ಅವಳು ಕೈ ತೆಗೆಯಲಿಲ್ಲ.

“ಹೌದ್ರಿ,” ಎಂದಳು. “ಹತ್ತೇದ.”